ಹಾಸಿಗೆಯಿಂದ ಕೊಟ್ಟ ಬಂದೂಕು

ಶೋಭಾ, ಈರಣ್ಣ, ಮಂಗಲಾ,

ನಿಮ್ಮ ಮುತ್ಯಾನ ಮಾತು ಹೋದದ್ದು ಒಂದು ಬೆಳಿಗ್ಗೆ, ರೊಟ್ಟಿ ತಿನ್ನುವಾಗ. ಅದನ್ನು ನೀವು ನೋಡಿಲ್ಲ. ಶೋಭಾ ಆಗ ತೊಟ್ಟಿಲಲ್ಲಿದ್ದಳು, ಉಳಿದಿಬ್ಬರು ಇನ್ನೂ ಹುಟ್ಟಿರಲಿಲ್ಲ. ಎದುರು ಕುಳಿತು ಹೇಳಲು ಅವರ ಹೆಂಡತಿಯಾದ ನನಗೆ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೆಯ ಇಯತ್ತೆಯವರೆಗೆ ಊರ ಸಾಲೆಯಲ್ಲಿ ಕಲಿತವಳು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಶ್ರಾವಣ ಮುಗಿಯುತ್ತ ಬಂದಿತ್ತು. ಮುತ್ಯಾ ಹೊಲಕ್ಕೆ ಹೊರಟವರು ಪಡಸಾಲೆಯಲ್ಲಿ ಊಟಕ್ಕೆ ಕುಳಿತರು. ತುತ್ತು ಕೈಯಿಂದ ಜಾರಿತು. ಮತ್ತೆ ಹಿಡಿದರು. ಮತ್ತೆ ಜಾರಿತು.

"ಕೈಗೆ ಏನಾಗೇತ್ರಿ?" ಎಂದೆ. ನಗುತ್ತಲೇ ಎಂದೆ.

ಅವರು ನನ್ನ ಕಡೆ ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಬಾಯಿಯ ಬಲಗಡೆ ತೆರೆಯಲಿಲ್ಲ. ಪುಂಡಿಪಲ್ಯದ ನೀರು ಆ ಮೂಲೆಯಿಂದ ಗದ್ದಕ್ಕೆ ಇಳಿಯಿತು.

ಆಮೇಲೆ ಅವರ ಅರ್ಧ ಮೈ ನನ್ನ ಮೇಲೆ ಬಿತ್ತು.

ಓಣಿಯವರೆಲ್ಲ ಬಂದರು. ಲಕ್ವಾ ಹೊಡೆದಿದೆ ಎಂದರು. ಪಾರಿವಾಳದ ರಕ್ತ ಹಚ್ಚಿ ತಿಕ್ಕಬೇಕು ಎಂದರು. ಮುತ್ಯಾನ ತಮ್ಮ ನಿಂಗಪ್ಪನಿಗೆ ಬಾಬಲೇಶ್ವರಕ್ಕೆ ಸುದ್ದಿ ಹೋಯಿತು. ಅವನು ಚಕ್ಕಡಿ ಕಟ್ಟಿಕೊಂಡು, ಬುಟ್ಟಿಯಲ್ಲಿ ಎರಡು ಪಾರಿವಾಳ ಮುಚ್ಚಿಕೊಂಡು ಬಂದೇಬಿಟ್ಟ. ಅಷ್ಟರಲ್ಲಿ ನಾವು ಅವರನ್ನು ಒಂದು ಲಾರಿಯಲ್ಲಿ ಮಲಗಿಸಿಕೊಂಡು ವಿಜಾಪುರದ ದವಾಖಾನೆಗೆ ಒಯ್ದಿದ್ದೆವು. ನಿಂಗಪ್ಪ ಪಾರಿವಾಳದ ಬುಟ್ಟಿಯ ಸಮೇತ ವಾರ್ಡಿನ ಬಾಗಿಲಿಗೆ ಬಂದು ನಿಂತಾಗ ನರ್ಸಬಾಯಿ ಬೈದು ಹೊರಗೆ ಹಾಕಿದಳು. ಅವರು ಬಿದ್ದ ಮೇಲೆ ಆ ದಿನ ನಾನು ನಕ್ಕದ್ದು ಅದೊಂದೇ ಸಲ, ಅದೂ ಸೆರಗಿನೊಳಗೆ.

ಡಾಕ್ಟರು ಇನ್ನೂ ಸಣ್ಣ ವಯಸ್ಸಿನವರು. ಬ್ಲಡ್ ಪ್ರೆಶರ್ ನೋಡಿದರು. ಕಾಲಿನ ಅಂಗಾಲಿಗೆ ಕೀಲಿಕೈಯಿಂದ ಗೀರಿ ನೋಡಿದರು.

"ಸ್ಟ್ರೋಕ್ ಅಂತಾರ ಇದಕ್ಕ. ಮೆದುಳಿನ ರಕ್ತನಾಳ ಕಟ್ಟೇದ. ಬಲಗಡೆ ಪ್ಯಾರಾಲಿಸಿಸ್ ಆಗೇದ," ಎಂದರು.

"ಮಾತು ಬರ್ತಾವೇನ್ರಿ?"

"ಬಂದ್ರ ಬರಬಹುದು. ಅವಸರ ಮಾಡಬ್ಯಾಡ್ರಿ."

ಹನ್ನೆರಡು ದಿನ ಒಂದೂ ಮಾತಿಲ್ಲ. ಹದಿಮೂರನೆಯ ದಿನ ನಾನು ಗಂಜಿಯ ಚಮಚ ಬಾಯಿಗೆ ಹಿಡಿದಾಗ ಅವರು ಸ್ಪಷ್ಟವಾಗಿ ಒಂದು ಮಾತು ಆಡಿದರು.

"ಒಲ್ಲೆ."

ನಾನು ಅತ್ತುಬಿಟ್ಟೆ. ವಾರ್ಡಿನವರೆಲ್ಲ ಸಂತೋಷಪಟ್ಟರು. "ನೀರು ಬೇಕೇನ್ರಿ?" ಎಂದೆ. "ಒಲ್ಲೆ" ಎಂದರು. ತಂಬಿಗೆ ಹಿಡಿದರೆ ಅರ್ಧ ತಂಬಿಗೆ ಕುಡಿದರು. "ಕಿಡಕಿ ಮುಚ್ಚಲೇನು?" "ಒಲ್ಲೆ." ಮುಚ್ಚಿದ ಮೇಲೆ ಸಮಾಧಾನದಿಂದ ಕಣ್ಣು ಮುಚ್ಚಿದರು. ಆಗ ತಿಳಿಯಿತು, ಅವರ ಹತ್ತಿರ ಉಳಿದದ್ದು ಆ ಒಂದೇ ಮಾತು. ಬೇಕು ಎನ್ನಲೂ ಅದೇ. ಬೇಡ ಎನ್ನಲೂ ಅದೇ.

ನಮ್ಮೂರು ತಿಕೋಟಾಕ್ಕೆ ಕರೆದುಕೊಂಡು ಬಂದೆ. ಪಡಸಾಲೆಯಲ್ಲಿ ಹೊರಸು ಹಾಕಿದೆ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು, ಇಲ್ಲದಿದ್ದರೆ ಬೆಡ್ ಸೋರ್ ಆಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಗಡಿಯಾರ ನಮ್ಮ ಮನೆಯಲ್ಲಿರಲಿಲ್ಲ. ಅಥಣಿ ರಸ್ತೆಯ ಬಸ್ಸುಗಳ ಸಪ್ಪಳದ ಮೇಲೆ ನಾನು ಮಗ್ಗಲು ಬದಲಿಸುತ್ತಿದ್ದೆ. ಬಸ್ಸು ತಡವಾದ ದಿನ ಅವರ ಬೆನ್ನು ಕೆಂಪಾಗುತ್ತಿತ್ತು. ಆಮೇಲೆ ಬಿಸಿಲಿನ ಮೇಲೆ ಲೆಕ್ಕ ಹಿಡಿಯಲು ಕಲಿತೆ. ಗುಡಿಸುವುದು, ರೊಟ್ಟಿ ಬಡಿಯುವುದು, ಹೊಲದ ಆಳುಗಳಿಗೆ ಬುತ್ತಿ ಕಳಿಸುವುದು, ಎಲ್ಲ ಆ ಎರಡು ತಾಸುಗಳ ನಡುವೆ. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದರೂ ನಾನು ಅವರ ಮೈಯನ್ನು ಹಗಲು ಬೆಳಕಿನಲ್ಲಿ ನೋಡಿದವಳಲ್ಲ. ಈಗ ಯಾವ ಎಲುಬು ಎಲ್ಲಿ ಒತ್ತುತ್ತದೆ ಎಂಬುದು ನನ್ನ ಕೈಗೆ ಬಾಯಿಪಾಠವಾಗಿತ್ತು.

ಎಡಗೈಗೆ ಕೆಲಸ ಕೊಡಬೇಕು ಎಂದೂ ಡಾಕ್ಟರು ಹೇಳಿದ್ದರು. ನಿಮ್ಮ ಅವ್ವ ಗಂಗಾ ಸಾಲೆಗೆ ಹೋಗುವಾಗಿನ ಪಾಟಿ ಅಟ್ಟದ ಮೇಲಿತ್ತು. ಅದನ್ನೂ ಒಂದು ಬಳಪವನ್ನೂ ಕೊಟ್ಟೆ. ಅವರು ಗೋಡೆಯ ಕಡೆ ಮುಖ ಮಾಡಿ ಏನೋ ಗೀಚುತ್ತಿದ್ದರು. ನಾನು ಹತ್ತಿರ ಬಂದರೆ ಮೊಣಕೈಯಿಂದ ಒರೆಸಿಬಿಡುತ್ತಿದ್ದರು. ಸಹಿ ಕಲಿಯುತ್ತಿದ್ದಾರೆ ಎಂದುಕೊಂಡೆ. ಸಹಿಯ ವಿಷಯದಲ್ಲಿ ಅವರಿಗೆ ಅಭಿಮಾನ ಬಹಳ. ಹೆಬ್ಬೆಟ್ಟು ಒತ್ತುವವರನ್ನು ಕಂಡರೆ ಕೂಡ್ರಿಸಿಕೊಂಡು ಸಹಿ ಕಲಿಸಿಯೇ ಕಳಿಸುತ್ತಿದ್ದರು.

ಈಗ ಬಂದೂಕಿನ ಮಾತು.

ನಮ್ಮ ಮನೆಯ ಜೋಡುನಳಿಗೆ ಬಂದೂಕನ್ನು ನೀವು ನೋಡಿದ್ದೀರಿ. ಅದರ ಲೈಸನ್ಸು ನಾವು ಮುಂಬೈ ಸರಕಾರದಲ್ಲಿದ್ದ ಕಾಲದ್ದು. ಜೋಳಕ್ಕೆ ಹಂದಿ, ಚಿಗರಿ ಬಿದ್ದಾಗ ಮುತ್ಯಾ ಗಾಳಿಯಲ್ಲಿ ಹಾರಿಸುತ್ತಿದ್ದರು, ಅಷ್ಟೇ. ಯಾರ ಮದುವೆಗೂ ಕೊಟ್ಟವರಲ್ಲ. ಬೀಗರು ಬಂದು ದುಂಬಾಲು ಬಿದ್ದರೂ, "ಲೈಸನ್ಸ್ ನನ್ನ ಹೆಸರಿಲೆ ಐತಿ. ಬಂದೂಕು ನನ್ನ ಹೆಗಲ ಮ್ಯಾಲ ಇರ್ತೈತಿ" ಎಂದು ಕಳಿಸಿಬಿಡುತ್ತಿದ್ದರು.

ಖಂಡೇನವಮಿಗೆ ಮಾತ್ರ ಅದು ಗೂಟದಿಂದ ಇಳಿದು ಕುಡಗೋಲು, ಕೊಡಲಿ, ಕುಂಟೆಗಳ ಸಾಲಿನಲ್ಲಿ ಕುಳಿತು ವಿಭೂತಿ ಹಚ್ಚಿಸಿಕೊಳ್ಳುತ್ತಿತ್ತು. ಮನೆಯ ಗಂಡಸೇ ಕಬ್ಬಿಣಕ್ಕೆ ಪೂಜೆ ಮಾಡಬೇಕೆಂಬುದು ನಮ್ಮಲ್ಲಿ ರೂಢಿ. ಆ ವರ್ಷ ಮನೆಯ ಗಂಡಸು ಹೊರಸಿನ ಮೇಲಿದ್ದರು.

ಹಬ್ಬದ ಹಿಂದಿನ ದಿನ ನಿಂಗಪ್ಪ ಬಂದ.

"ವೈನಿ, ಅಣ್ಣನ ಪೂಜಿ ತಪ್ಪಬಾರದು. ಈ ಮನಿ ಕಬ್ಬಿಣ ಎಲ್ಲಾ ನಮ್ಮ ಮನಿಗೆ ಒಯ್ದು ನಾನ ಪೂಜಿ ಮಾಡ್ತೇನಿ. ದೇವರು ಸಿಟ್ಟಾದ್ರ ಅಣ್ಣ ಏಳೂದು ಇನ್ನೂ ತಡಾ ಆಗ್ತೈತಿ," ಎಂದ.

ಪ್ರೀತಿಯಿಂದಲೇ ಅಂದ. ನನಗೂ ಸರಿಯೆನಿಸಿತು. ಗೂಟದಿಂದ ಬಂದೂಕು ಇಳಿಸಿ, ಕಂಬಳಿಯಲ್ಲಿ ಸುತ್ತಿ, ನನ್ನ ಕೈಯಾರೆ ಕೊಟ್ಟೆ. ಹೊರಸಿನ ಮೇಲಿಂದ ಮುತ್ಯಾ "ಒಲ್ಲೆ, ಒಲ್ಲೆ" ಎಂದರು.

"ಹೂಂ ಅಂತಾನ ಬಿಡ್ರಿ," ಎಂದು ನಿಂಗಪ್ಪ ಚಕ್ಕಡಿ ಹೊಡೆದ.

ಆ ಒಂದು ಸಲ ಒಲ್ಲೆ ಅಂದರೆ ಒಲ್ಲೆಯೇ ಆಗಿತ್ತು.

ಹಬ್ಬ ಮುಗಿಯಿತು. ಕುಡಗೋಲು ಕೊಡಲಿ ವಾಪಸು ಬಂದವು. ಬಂದೂಕು ಬರಲಿಲ್ಲ. ಬಾಬಲೇಶ್ವರದ ಹೊಲಕ್ಕೆ ಹಂದಿ ಬಿದ್ದಿವೆ, ನಾಲ್ಕು ದಿನ ಇರಲಿ ಎಂದು ಹೇಳಿಕಳಿಸಿದ. ನನಗೆ ಮಗ್ಗಲು ಬದಲಿಸುವುದರಲ್ಲಿ ಅದರ ನೆನಪೇ ಹೋಯಿತು.

ದೀಪಾವಳಿ ಆದ ಮೇಲೆ ಒಂದು ದಿನ ಫೌಜದಾರರು ಬಂದರು. ವರ್ಷಕ್ಕೊಮ್ಮೆ ಲೈಸನ್ಸಿನವರ ಬಂದೂಕು ನೋಡಿ ಹೋಗುವುದು ಅವರ ಕೆಲಸ. ಮುತ್ಯಾನ ಪರಿಚಯದವರೇ. ಹೊರಸಿನ ಹತ್ತಿರ ನಿಂತು ಹಳಹಳಿಸಿದರು. ಆಮೇಲೆ ಗೂಟ ನೋಡಿದರು.

"ಬಂದೂಕು ಎಲ್ಲೆದ ತಾಯಿ?"

"ಮೈದುನ ಪೂಜಿಗೆ ಒಯ್ದಾನ್ರಿ, ಬಾಬಲೇಶ್ವರಕ್ಕ."

"ಅವನ ಹತ್ರ ಲೈಸನ್ಸ್ ಅದ ಏನು?"

ನಾನು ಇಲ್ಲವೆಂದು ತಲೆಯಾಡಿಸಿದೆ.

"ಹೊಸಾ ಕಾಯ್ದೆ ಬಂದದ ತಾಯಿ, ಮೊದಲಿನಂಗ ಇಲ್ಲ. ಲೈಸನ್ಸ್ ಇಲ್ಲದಂವ ಇಟ್ಕೊಂಡ್ರ ಅವಂದೂ ತಪ್ಪು. ಕೊಟ್ಟವರದೂ ತಪ್ಪು."

"ಕೊಟ್ಟಾಕಿ ನಾನ್ರಿ. ನನ್ನ ಬರಕೋರಿ."

ಅವರು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. "ಕಾಗದದಾಗ ನೀವಿಲ್ಲ ತಾಯಿ. ಕಾಗದದಾಗ ಇವರು ಅದಾರ," ಎಂದು ಹೊರಸಿನ ಕಡೆ ನೋಡಿದರು.

ಕೇಸು ಆಗುವುದಾದರೆ, ಮಗ್ಗಲು ತಿರುಗಲು ಬಾರದ ಮನುಷ್ಯನ ಮೇಲೆ.

ಫೌಜದಾರರು ಕೆಟ್ಟವರಲ್ಲ. ಪೊಲೀಸನನ್ನು ಕಳಿಸಿ ಬಂದೂಕು ತರಿಸಿ ಠಾಣೆಯಲ್ಲಿ ಇಟ್ಟುಕೊಂಡು ನನಗೆ ಪಾವತಿಯ ಚೀಟಿ ಕೊಟ್ಟರು. "ಠೇವಣಿ ಅಂತ ಬರಕೊಂಡೇನಿ. ಡಿಸೆಂಬರಕ್ಕ ಲೈಸನ್ಸ್ ಮುಗೀತದ. ಅಷ್ಟರಾಗ ಇವರ ಒಪ್ಪಿಗಿ ತಗೊಂಡು ಬ್ಯಾರೆಯವರ ಹೆಸರಿಗೆ ಕಾಯ್ದೆಪ್ರಕಾರ ವರ್ಗ ಮಾಡಸ್ರಿ. ಇಲ್ಲಂದ್ರ ನಾ ಬರೀಲೇ ಬೇಕಾಗ್ತದ," ಎಂದರು.

ಅವರು ಹೋದ ಮೇಲೆ ಮುತ್ಯಾನ ಕಣ್ಣ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ. ಅಷ್ಟು ವರ್ಷ ಒಬ್ಬರ ಹೊಲದ ಬದು ಕಡಿಯದೆ, ಒಮ್ಮೆಯೂ ಠಾಣೆಯ ಮೆಟ್ಟಿಲು ತಪ್ಪಿತಸ್ಥರಾಗಿ ಹತ್ತದೆ ಬಾಳಿದವರು. ಮಾತು ಹೋದ ಮೇಲೆ, ನಾನು ಅವರ ಒಂದು ಮಾತು ಕೇಳದ ತಪ್ಪಿಗೆ, ಅವರ ಹೆಸರು ಪೊಲೀಸರ ದಫ್ತರಕ್ಕೆ ಹೋಗುವುದೇ? ಕೂಡದು. ಏನಾದರೂ ಆಗಲಿ, ಕೂಡದು.

ಯಾರ ಹೆಸರಿಗೆ ಎಂಬ ವಿಚಾರವನ್ನು ನಾನು ಮಾಡಲೇ ಇಲ್ಲ. ಗಂಡುಮಗ ಇಲ್ಲದ ಮನೆ. ತಮ್ಮ ನಿಂಗಪ್ಪ ಇದ್ದಾನೆ. ಅವನಿಗೂ ಬಂದೂಕಿನ ಆಸೆ ಇತ್ತು. "ಅಣ್ಣನ ಬಂದೂಕು ಹೊರಗ ಹೋಗಬಾರದು ವೈನಿ. ನನ್ನ ಹೆಸರಿಗೆ ಬರಸ್ರಿ. ನೀವು ಕಚೇರಿಗೆ ಹೋಗಿ ಬರೂತನಕ ಅಣ್ಣನ ಮಗ್ಗಲ ನಾ ಬದಲಸ್ತೇನಿ," ಎಂದ. ನಿಮ್ಮ ಅಪ್ಪ, ನಮ್ಮ ಅಳಿಯ ಮಾಸ್ತರರು, ದೂರದ ಊರಲ್ಲಿ ನೌಕರಿಯಲ್ಲಿದ್ದರು. ಅರ್ಜಿಯನ್ನು ನಾನೇ ಬರೆದೆ.

ಬಸ್ಸಿನಲ್ಲಿ ಒಬ್ಬಳೇ ವಿಜಾಪುರಕ್ಕೆ ಹೋದದ್ದು ಅದೇ ಮೊದಲು. ಕಚೇರಿಯ ಕಾರಕೂನರು ಅರ್ಜಿಯನ್ನು ಎರಡು ಸಲ ಓದಿದರು.

"ಬಾಯಾರ, ಇದರಾಗ ನಿಂಗಪ್ಪ ಅದಾನ, ನೀವು ಅದೀರಿ, ಬಂದೂಕು ಅದ. ಬಂದೂಕಿನ ಮಾಲಕ ಎಲ್ಲಿ ಅದಾನ?"

"ಬರದೇನಲ್ರಿ. ನಮ್ಮ ಮನಿಯವರು."

"ಯಾರ ಮನಿಯವರು? ಈ ಜಿಲ್ಲಾದಾಗ ಮನಿ ಇದ್ದವರೆಲ್ಲಾ ಮನಿಯವರ!"

ಸಾಲಿನಲ್ಲಿ ನಿಂತವರು ನಕ್ಕರು. ಅರ್ಜಿಯಲ್ಲಿ ಐದು ಕಡೆ 'ನಮ್ಮ ಮನೆಯವರು' ಎಂದು ಬರೆದಿದ್ದೆ. ಹೆಸರು ಒಂದು ಕಡೆಯೂ ಇರಲಿಲ್ಲ. ಗಂಡನ ಹೆಸರು ಹೇಳಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನ್ನವ್ವ ಕಲಿಸಿದ್ದಳು. ಬರೆದರೆ ಏನಾಗುತ್ತದೆ ಎಂದು ಕಲಿಸಿರಲಿಲ್ಲ. ಲಕ್ವಾ ಹೊಡೆದು ಮಲಗಿದವರ ಆಯುಷ್ಯವನ್ನು ನಾನು ಹೇಗೆ ಮುಟ್ಟಲಿ?

"ಹೇಳ್ರಿ, ಹೇಳ್ರಿ, ಹಿಂದ ಮಂದಿ ನಿಂತಾರ."

ಕೊನೆಗೆ ಅವರ ಮೇಜಿನ ಟಾಕು ಎತ್ತಿಕೊಂಡೆ. ಮನಸ್ಸಿನಲ್ಲಿಯೇ ಶಿವನಿಗೆ ತಪ್ಪಾಯಿತೆಂದು ಹೇಳಿ, ಅರ್ಜಿಯ ಅಂಚಿನಲ್ಲಿ ಅವರ ಹೆಸರನ್ನು ಬರೆದೆ. ಬರೆದು, ಮಸಿ ಆರುವ ಮೊದಲೇ ಮುಖ ತಿರುಗಿಸಿದೆ.

ಕಾರಕೂನರು ಈಗ ನಗಲಿಲ್ಲ. "ಆತು. ಆದ್ರ ಮಾಲಕ ಖುದ್ದು ಹಾಜರಾಗಿ ಒಪ್ಪಿಗಿ ಕೊಡಬೇಕು," ಎಂದರು.

"ಅವರಿಗೆ ಏಳಾಕ ಬರೂದಿಲ್ರಿ."

"ಹಂಗಾದ್ರ ಡಾಕ್ಟರ್ ಸರ್ಟಿಫಿಕೇಟ್ ತರ್ರಿ."

ಟಾಂಗಾ ಹಿಡಿದು ದವಾಖಾನೆಗೆ ಹೋದೆ. ಡಾಕ್ಟರು ಬರೆಯುತ್ತ ಹೇಳಿದರು, "ಆ ಮನುಷ್ಯಾನ್ನ ಬಸ್ಸಿನ್ಯಾಗ ಹಾಕ್ಕೊಂಡು ತಂದ್ರ ಬಂದೂಕು ಉಳೀತದ, ಮನುಷ್ಯ ಉಳಿಯೂದಿಲ್ಲ. ಹಂಗಂತ ಇಂಗ್ಲಿಷಿನ್ಯಾಗ ಬರದೇನಿ, ಹೋಗ್ರಿ." ಸರ್ಟಿಫಿಕೇಟ್ ಒಯ್ದು ಕೊಟ್ಟರೆ ಕಾರಕೂನರು ಅದನ್ನು ಕಾಗದಗಳ ಗಂಟಿನಲ್ಲಿ ಸೇರಿಸಿದರು. ಒಂದು ವಾರ ಆಯಿತು. ಎರಡು ವಾರ ಆಯಿತು. ಡಿಸೆಂಬರ್ ಬಂತು.

ಮೂರನೆಯ ಸಲ ಹೋದಾಗ ತಾಲೂಕಿನ ಮಾಮಲೇದಾರ ಸಾಹೇಬರು ಜೀಪು ಹತ್ತಲು ಮೆಟ್ಟಿಲು ಇಳಿಯುತ್ತಿದ್ದರು. ಹಿಂದೆ ಕಾರಕೂನರು, ಶಿಪಾಯಿ. ನಾನು ಬೇವಿನ ಮರದ ಕೆಳಗೆ ಬೆಳಗಿನಿಂದ ಕುಳಿತಿದ್ದೆ. ಹೇಗೆ ಎದ್ದೆನೋ, ಹೇಗೆ ಜೀಪಿನ ಮುಂದೆ ಹೋಗಿ ನಿಂತೆನೋ ನನಗೆ ಗೊತ್ತಿಲ್ಲ.

"ಸಾಹೇಬರ, ಅವರು ಬರಾಕ ಆಗೂದಿಲ್ರಿ. ನೀವ ಬರಬೇಕ್ರಿ."

"ಎಲ್ಲಿಗೆ?"

"ತಿಕೋಟಾಕ್ಕರಿ. ನಮ್ಮ ಮನಿಗೆ."

"ಏ ಬಾಯಾರ, ಸಾಹೇಬರಿಗೆ ಹಂಗ ಅನಬಾರದು!" ಎಂದು ಕಾರಕೂನರು ಗದರಿದರು. ನಾನು ಅಲ್ಲಿಂದ ಕದಲಲಿಲ್ಲ.

ಸಾಹೇಬರು ಕಾಗದ ತರಿಸಿದರು. ಡಾಕ್ಟರ ಸರ್ಟಿಫಿಕೇಟನ್ನು ನಿಂತಲ್ಲಿಯೇ ಓದಿದರು. ತುಟಿಯಲ್ಲಿ ನಗೆ ಬಂತು. ಡಾಕ್ಟರು ನಿಜವಾಗಿಯೂ ಹಾಗೆಯೇ ಬರೆದಿದ್ದರೆಂದು ತೋರುತ್ತದೆ.

"ಗುರುವಾರ ಬರ್ತೇನಿ," ಎಂದರು.

ಗುರುವಾರ ಜೀಪು ಬಂತು. ಓಣಿಯ ಇಬ್ಬರು ಹಿರಿಯರು ಪಂಚರಾಗಿ ಕುಳಿತರು. ನಾನು ಮುತ್ಯಾನಿಗೆ ಎಣ್ಣೆ ಹಚ್ಚಿ, ಬಿಳಿ ಅಂಗಿ ತೊಡಿಸಿ, ತಲೆಗೆ ರುಮಾಲು ಸುತ್ತಿ, ಹಿಂದೆ ಲೋಡು ಇಟ್ಟು ಕೂಡ್ರಿಸಿದ್ದೆ. ನಾಲ್ಕು ತಿಂಗಳಿಗೆ ಅವರು ಊರ ಜನರ ಮುಂದೆ ಕುಳಿತದ್ದು ಅಂದೇ. ಸಾಹೇಬರು ಕುರ್ಚಿಯನ್ನು ಹೊರಸಿನ ಹತ್ತಿರ ಎಳೆದುಕೊಂಡರು. ಕೂಗದೆ, ಸಾವಕಾಶ ಮಾತಾಡಿದರು. ಲಕ್ವಾ ಹೊಡೆದವರೆಲ್ಲ ಕಿವುಡರೆಂದು ತಿಳಿದು ಎಲ್ಲರೂ ಅವರ ಮುಂದೆ ಚೀರುತ್ತಿದ್ದರು. ಇವರು ಚೀರಲಿಲ್ಲ.

"ಗೌಡರ, ನಿಮ್ಮ ಬಂದೂಕು ನಿಮ್ಮ ತಮ್ಮ ನಿಂಗಪ್ಪನ ಹೆಸರಿಗೆ ಮಾಡಿಕೊಡಾಕ ನಿಮ್ಮ ಒಪ್ಪಿಗಿ ಅದ ಏನು?"

"ಒಲ್ಲೆ."

ನಿಂಗಪ್ಪ ಮುಂದೆ ಬಂದ. "ಸಾಹೇಬರ, ಅವ ಎಲ್ಲಾದಕ್ಕೂ ಒಲ್ಲೆ ಅಂತಾನ್ರಿ. ಉಂಡೀ ಏನೋ ಅಂದ್ರೂ ಒಲ್ಲೆ ಅಂತಾನ. ಹೂಂ ಅಂತನ ಅದರರ್ಥ."

"ಹೌದೇನ್ರಿ?" ಎಂದು ಸಾಹೇಬರು ನನ್ನನ್ನು ಕೇಳಿದರು.

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಿಂಗಪ್ಪನಿಗೆ ಬಂದೂಕು, ನನಗೆ ನಿಶ್ಚಿಂತೆ. ಆದರೆ ಒಂದು ಸಲ ಅವರ ಒಲ್ಲೆಯನ್ನು ಹೂಂ ಮಾಡಿ ಕೆಟ್ಟವಳು ನಾನು. "ಗೊತ್ತಿಲ್ರಿ ಸಾಹೇಬರ. ಒಮ್ಮೊಮ್ಮೆ ಒಲ್ಲೆ ಅಂದ್ರ ಒಲ್ಲೇನ ಇರ್ತೈತ್ರಿ," ಎಂದೆ.

ನಿಂಗಪ್ಪ ನನ್ನನ್ನು ದುರುಗುಟ್ಟಿ ನೋಡಿದ. ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ಒಪ್ಪಿಗೆ ತಿಳಿಯದೆ ಬರೆದುಕೊಳ್ಳಲು ಬರುವುದಿಲ್ಲ ಎಂದರು. ಎಲ್ಲ ಮುಗಿಯಿತೆಂದುಕೊಂಡೆ.

ಆಗ ಮುತ್ಯಾ ಎಡಗೈಯಿಂದ ಹಾಸಿಗೆಯನ್ನು ಬಡಿಯತೊಡಗಿದರು. ಬಡಿದು, ಗೋಡೆಯ ಕಡೆಗೆ ಕೈ ತೋರಿಸಿದರು. ಅಲ್ಲಿ ಪಾಟಿ ಇತ್ತು. ಕೊಟ್ಟೆ. ಸಾಹೇಬರು ಎದ್ದು ಬಂದು ಪಾಟಿಯನ್ನು ತಾವೇ ಹಿಡಿದುಕೊಂಡು ನಿಂತರು.

ಅವರು ಬರೆದರು. ಬಳಪ ಒಂದು ಸಲ ಮುರಿಯಿತು. ತುಂಡನ್ನೇ ಹಿಡಿದು ಮುಂದುವರಿಸಿದರು. ಹಣೆಯ ಬೆವರು ರುಮಾಲಿನ ಅಂಚಿನಿಂದ ಇಳಿದು ಮೂಗಿನ ತುದಿಗೆ ಬಂತು. ಒರೆಸಲು ಹೋದರೆ ತಲೆ ಕೊಡವಿದರು.

ನಿಂಗಪ್ಪ ಬಗ್ಗಿ ಓದಿದ. "ಕಾ... ಶ... ವ..." ತಲೆ ಎತ್ತಿ ನನ್ನ ಕಡೆ ನೋಡಿದ. "ವೈನೀ, ಇದು ನಿಮ್ಮ ಹೆಸರಲ್ರೀ!"

ನನ್ನ ಹೆಸರು ಕಾಶವ್ವ. ನೀವು ನನ್ನನ್ನು ಆಯಿ ಎನ್ನುತ್ತೀರಿ, ಊರು ಗಂಗವ್ವನ ಅವ್ವ ಎನ್ನುತ್ತದೆ. ಮುತ್ಯಾ ಇಡೀ ಬಾಳಿನಲ್ಲಿ ನನ್ನನ್ನು 'ಇಕೀನ' ಎಂದೇ ಕರೆದವರು.

ಸಾಹೇಬರು ಮತ್ತೆ ಕೇಳಿದರು. "ನಿಂಗಪ್ಪಗ?" ಮುತ್ಯಾ ಪಾಟಿಯನ್ನು ದೂರ ನೂಕಿದರು. "ಕಾಶವ್ವಗ?" ಪಾಟಿಯನ್ನು ಹತ್ತಿರ ಎಳೆದುಕೊಂಡು ಅದರ ಮೇಲೆ ಅಂಗೈ ಇಟ್ಟರು. ಒಲ್ಲೆ ಎನ್ನಲಿಲ್ಲ. ಏನೂ ಎನ್ನಲಿಲ್ಲ. ಆ ಮೌನಕ್ಕೆ ಇಬ್ಬರು ಪಂಚರು ಸಾಕ್ಷಿ ಹಾಕಿದರು.

ಕಾಗದದ ಮೇಲೆ ಸಹಿ ಬೇಕಾಯಿತು. ಪೆನ್ನು ಕೊಟ್ಟರೆ ಎಡಗೈ ಸುಮ್ಮನೆ ತಡೆಯಿತು. ಅವರಿಗೆ ತಮ್ಮ ಸಹಿ ಬರುತ್ತಿರಲಿಲ್ಲ. ನಾಲ್ಕು ತಿಂಗಳು ಗೋಡೆಯ ಕಡೆ ಮುಖ ಮಾಡಿ ಕಲಿತದ್ದು ನನ್ನ ಹೆಸರೊಂದನ್ನೇ. ಹೆಬ್ಬೆಟ್ಟನ್ನು ತಾವಾಗಿಯೇ ಮುಂದೆ ಚಾಚಿದರು, ಊರಿಗೆಲ್ಲ ಸಹಿ ಕಲಿಸಿದ ಮನುಷ್ಯ. ಕಾರಕೂನರು ಮಸಿ ಹಚ್ಚಿದರು. ಮುತ್ಯಾ ಗಟ್ಟಿಯಾಗಿ, ನೆಟ್ಟಗೆ ಒತ್ತಿದರು.

"ತಾಯಿ, ನಿಮಗ ಬಂದೂಕು ಹಿಡಿಯಾಕ ಬರ್ತದೇನು?" ಎಂದು ಸಾಹೇಬರು ಕೇಳಿದರು.

"ಬರ್ತೈತ್ರಿ," ಎಂದೆ. ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಎಂದೆ. ಈ ಸಲ ಓಣಿಗೇ ಕೇಳಿಸಿತು.

ಬಂದೂಕು ಒರೆಸಿ ಎಣ್ಣೆ ಹಾಕುವ ಕೆಲಸ ಇಪ್ಪತ್ತು ವರ್ಷದಿಂದ ನನ್ನದೇ ಆಗಿತ್ತು. ಮುತ್ಯಾನಿಗೆ ಹತ್ತಿರದ್ದು ಮಂಜಾಗಿ ಕಾಣುತ್ತಿತ್ತು. ನಳಿಗೆಯೊಳಗೆ ಬೆಳಕು ಹಿಡಿದು ನೋಡುವುದು ನನ್ನ ಕಣ್ಣು. ಊರಿಗೆ ಇದು ಗೊತ್ತಿರಲಿಲ್ಲ. ಹೇಳುವ ಮಾತೇ ಅಲ್ಲವೆಂದು ನಾವು ಹೇಳಿರಲಿಲ್ಲ.

ನನ್ನ ಹೆಸರಿನಲ್ಲಿ ಹೊಸ ಅರ್ಜಿ ಆಯಿತು. ವಿಜಾಪುರದ ಒಂದು ಸ್ಟುಡಿಯೋದಲ್ಲಿ ಫೋಟೋ ತೆಗೆಸಬೇಕಾಯಿತು. "ಸೆರಗು ಹಿಂದಕ್ಕ ಸರಸ್ರಿ ಬಾಯಾರ, ಇದು ಲೈಸನ್ಸಿನ ಫೋಟೋ. ಮಾರಿ ಕಾಣಬೇಕು," ಎಂದು ಫೋಟೋ ತೆಗೆಯುವವನು ಮೂರು ಸಲ ಹೇಳಿದ. ಆ ಫೋಟೋದಲ್ಲಿ ನಾನು ಯಾರನ್ನೋ ಹೊಡೆಯಲು ಹೊರಟವಳಂತೆ ನೋಡುತ್ತಿದ್ದೇನೆ. ನಿಮ್ಮ ಅವ್ವ ಈಗಲೂ ಅದನ್ನು ನೋಡಿ ನಗುತ್ತಾಳೆ.

ಕೊನೆಯ ತಪಾಸಣೆ ಠಾಣೆಯಲ್ಲಿ. ಫೌಜದಾರರು ಬಂದೂಕನ್ನು ನಳಿಗೆ ಮುಚ್ಚಿದಂತೆಯೇ ನನ್ನ ಕೈಗೆ ಕೊಟ್ಟರು. ನಿಂಗಪ್ಪನೂ ಬಂದಿದ್ದ. ಗುರುವಾರದಿಂದ ಅವನು ನನ್ನ ಕೂಡ ಮಾತು ಬಿಟ್ಟಿದ್ದ. ಆದರೂ ಒಬ್ಬಳನ್ನೇ ಠಾಣೆಗೆ ಕಳಿಸಲು ಮನಸ್ಸು ಬರದೆ ಹಿಂದೆ ಹಿಂದೆ ನಡೆದು ಬಂದಿದ್ದ. ಬಾಗಿಲಲ್ಲಿದ್ದ ಒಬ್ಬ ಮುದುಕ, "ರೊಟ್ಟಿ ಬಡಿಯೂ ಕೈಯವ್ವಾ, ಜ್ವಾಕಿ!" ಎಂದ.

ನಾನು ಮೊದಲು ನಳಿಗೆಯ ಬಾಯಿಯನ್ನು ನೆಲಕ್ಕೆ ತಿರುಗಿಸಿದೆ. ಕೀಲು ಸರಿಸಿ, ನಳಿಗೆ ಬಗ್ಗಿಸಿ ತೆರೆದೆ. ತೋಟಾ ಕೂಡುವ ಎರಡೂ ಮನೆಗಳಲ್ಲಿ ಕಣ್ಣು ಹಾಕಿದೆ. ಕಣ್ಣನ್ನೂ ನಂಬದೆ ಕಿರುಬೆರಳು ಹಾಕಿ ನೋಡಿದೆ. ಖಾಲಿ ಇತ್ತು. ಆಮೇಲೆ ಬೆಳಕಿಗೆ ಹಿಡಿದು, "ಎಡಗಡೆ ನಳಿಗ್ಯಾಗ ತುಕ್ಕು ಹಿಡಿಯಾಕತ್ತೈತ್ರಿ. ಎಣ್ಣಿ ಬೇಕು," ಎಂದೆ.

ಫೌಜದಾರರು ನಿಂಗಪ್ಪನ ಕಡೆ ತಿರುಗಿದರು. "ನಿನ್ನ ಕೈಗೆ ಕೊಟ್ಟಿದ್ರ ಏನ್ ಮಾಡ್ತಿದ್ದಿ?"

ನಿಂಗಪ್ಪ ತಲೆ ಕೆರೆದುಕೊಂಡ. "ಖರೇ ಹೇಳಬೇಕಂದ್ರ, ಹೆಗಲಿಗೇರಿಸಿ ನಿಮ್ಮ ಮ್ಯಾಲ ಗುರಿ ಹಿಡೀತಿದ್ದೆ ನೋಡ್ರಿ."

ಠಾಣೆಯೆಲ್ಲ ನಕ್ಕಿತು. ಅವನೂ ನಕ್ಕ. ವಾಪಸು ಬರುವಾಗ ದಾರಿಯಲ್ಲಿ, "ವೈನಿ, ಹಸಿವ್ಯಾಗೈತಿ. ಏನರೆ ಮಾಡಿ ಹಾಕ್ರಿ," ಎಂದ. ನಮ್ಮಲ್ಲಿ ಸಿಟ್ಟು ಇಳಿಯಿತೆಂದು ಹೇಳುವುದು ಹೀಗೆಯೇ.

ಡಿಸೆಂಬರ್ ಮುಗಿಯಲು ನಾಲ್ಕು ದಿನ ಇದ್ದಾಗ ಲೈಸನ್ಸು ಕೈಗೆ ಬಂತು. ಫೌಜದಾರರು ಠೇವಣಿಯ ಪುಸ್ತಕದಲ್ಲಿ ನನ್ನ ಸಹಿ ತೆಗೆದುಕೊಂಡು ಬಂದೂಕು ಬಿಟ್ಟುಕೊಟ್ಟರು. ಮುತ್ಯಾನ ಹೆಸರಿನ ಮುಂದೆ 'ಕಾಯ್ದೆಪ್ರಕಾರ ವರ್ಗ' ಎಂದಷ್ಟೇ ಬರೆದರು. ನಾನು ಎರಡು ಸಲ ಓದಿದೆ. ಬೇರೆ ಏನೂ ಇರಲಿಲ್ಲ. ಆ ದಿನ ಠಾಣೆಯಿಂದ ಮನೆಯವರೆಗೆ ತಿಕೋಟಾದ ಪೇಟೆಯ ನಡುವೆ ಹೆಗಲಿಗೆ ಬಂದೂಕು ಹಾಕಿಕೊಂಡು, ತಲೆಯ ಮೇಲೆ ಸೆರಗು ಹೊದ್ದು ನಡೆದುಬಂದೆ. ಅಂಗಡಿಯವರು ತಕ್ಕಡಿ ಬಿಟ್ಟು ಎದ್ದು ನಿಂತರು. ಯಾವತ್ತೂ ಗೋಡೆಯ ಬದಿಗೆ ಸರಿದು ನಡೆಯುವವಳು ಅಂದು ರಸ್ತೆಯ ನಡುವೆಯೇ ನಡೆದೆ.

ನನಗೇ ಯಾಕೆ ಕೊಟ್ಟರು ಎಂದು ಊರು ಬಹಳ ದಿನ ಮಾತಾಡಿತು. ನಾನು ಯಾರಿಗೂ ಹೇಳಲಿಲ್ಲ. ನಿಮಗೆ ಹೇಳುತ್ತೇನೆ. ದವಾಖಾನೆಯಿಂದ ಬಂದ ಮೊದಲ ವಾರ ಅವರು ಊಟ ಬಿಟ್ಟಿದ್ದರು. ಮಾತಿಲ್ಲ, ನಡೆಯಿಲ್ಲ, ಮೈಯೆಲ್ಲ ಮತ್ತೊಬ್ಬರ ಕೈಯಲ್ಲಿ. ಹೊರಸಿನಿಂದ ಗೂಟದ ಮೇಲಿನ ಬಂದೂಕನ್ನು ಒಂದೇ ಸಮ ನೋಡುತ್ತಿದ್ದರು. ಆ ನೋಟ ನನಗೆ ಸರಿ ಬೀಳಲಿಲ್ಲ. ತೋಟಾಗಳನ್ನೆಲ್ಲ ತೆಗೆದು ಬೇರೆ ಕಡೆ ಕೀಲಿ ಹಾಕಿಟ್ಟೆ. ಅವರು ನೋಡಿದರು. ನಾನೂ ಅವರು ನೋಡಿದ್ದನ್ನು ನೋಡಿದೆ. ಆ ದಿನ ಮಧ್ಯಾಹ್ನ ಗಂಜಿ ಕುಡಿದರು. ಬಂದೂಕನ್ನು ಹಾರಿಸಬಲ್ಲವರು ಬೇಕಾದಷ್ಟು ಜನ ಸಿಗುತ್ತಾರೆ. ಯಾವಾಗ ತೆಗೆದಿಡಬೇಕು ಎಂದು ಬಲ್ಲವರಿಗೆ ಅವರು ಅದನ್ನು ಕೊಟ್ಟರು. ಇದು ನನ್ನ ತಿಳಿವಳಿಕೆ. ಅವರು ಹೇಳಿದ್ದಲ್ಲ.

ಆ ಮಾಘದಲ್ಲಿ ಬಿಳಿಜೋಳ ಹಾಲುಗಾಳಿಗೆ ಬಂದಿತ್ತು. ಹಂದಿಗಳ ಹಿಂಡು ಹಗಲಿನಲ್ಲಿಯೇ ನುಗ್ಗಿತು. ಮುತ್ಯಾ ಅಷ್ಟರಲ್ಲಿ ಕೋಲು ಹಿಡಿದು, ನಿಂಗಪ್ಪನ ಹೆಗಲ ಮೇಲೆ ಭಾರ ಹಾಕಿ ನಾಲ್ಕು ಹೆಜ್ಜೆ ಇಡುತ್ತಿದ್ದರು. ಚಕ್ಕಡಿಯಲ್ಲಿ ಹೊಲಕ್ಕೆ ಕರೆದುಕೊಂಡು ಹೋದೆವು. ನಾನು ಬದುವಿನ ಮೇಲೆ ನಿಂತು, ಬಂದೂಕನ್ನು ಆಕಾಶಕ್ಕೆ ಹಿಡಿದು, ಕಣ್ಣು ಮುಚ್ಚಿ ಅದರ ಕುದುರೆ ಎಳೆದೆ. ಭುಜಕ್ಕೆ ಒನಕೆಯಿಂದ ಹೊಡೆದಂತಾಯಿತು. ಹಿಂದಕ್ಕೆ ಜೋಳದಲ್ಲಿ ಕುಳಿತುಬಿಟ್ಟೆ. ಹಂದಿಗಳು ಓಡಿದವು. ಚಕ್ಕಡಿಯಲ್ಲಿ ಮುತ್ಯಾ ನಗುತ್ತಿದ್ದರು. ಅರ್ಧ ಮುಖದ ನಗೆ, ಆದರೆ ಹೊಟ್ಟೆ ತುಂಬ. ಲಕ್ವಾ ಹೊಡೆದ ಮೇಲೆ ಅವರು ನಕ್ಕದ್ದನ್ನು ನಾನು ಮೊದಲು ಕೇಳಿದ್ದು ಅಂದು, ಜೋಳದ ದಂಟುಗಳ ನಡುವೆ ಕುಳಿತುಕೊಂಡು.

ಆಮೇಲೆ ಮೂರು ವರ್ಷ ಬಾಳಿದರು. ಬಲಗೈ ಬರಲಿಲ್ಲ. ಮಾತು ಹತ್ತು ಹನ್ನೆರಡು ಬಂದವು. 'ಶೋಭಾ' ಬಂತು, 'ಚಹಾ' ಬಂತು. ಬಾರದೇ ಉಳಿದದ್ದಕ್ಕಾಗಿ ನಾನು ದೇವರ ಕೂಡ ಜಗಳ ತೆಗೆಯಲಿಲ್ಲ. ಆ ಮೂರನೆಯ ವರ್ಷದ ಚೈತ್ರದಲ್ಲಿ, ನನ್ನ ಕೈಯಿಂದ ನೀರು ಕುಡಿದು, ಮಗ್ಗಲು ಬದಲಿಸಿದ ಮೇಲೆ ಹೋದರು. ಬೆನ್ನ ಮೇಲೆ ಒಂದೂ ಗಾಯ ಇರಲಿಲ್ಲ. ಅವರ ಮಣ್ಣಿಗೆ ಫೌಜದಾರರು ಬಂದಿದ್ದರು, ಕೈ ಮುಗಿಯಲು. ಕೇಳಲು ಬರಬೇಕಾದ ಯಾವ ಕೆಲಸವೂ ಅವರಿಗೆ ನಮ್ಮ ಮನೆಯಲ್ಲಿ ಉಳಿದಿರಲಿಲ್ಲ.

ನನಗೂ ಈಗ ಕಣ್ಣು ಮಂಜಾಗುತ್ತಿವೆ. ಬಂದೂಕು ನಿಮ್ಮಲ್ಲಿ ಯಾರಿಗಾದರೂ ಬೇಕೆನಿಸಿದರೆ ನನಗೆ ಮೈಮೇಲೆ ಎಚ್ಚರವಿರುವಾಗಲೇ ಕೇಳಿರಿ, ಕಚೇರಿಗೆ ಕೂಡಿಯೇ ಹೋಗೋಣ. ಬೇಡವೆನಿಸಿದರೆ ಸರಕಾರಕ್ಕೆ ಒಪ್ಪಿಸಿ ಪಾವತಿಯ ಚೀಟಿ ತೆಗೆದುಕೊಳ್ಳೋಣ. ಅದರಲ್ಲಿ ಅವಮಾನವಿಲ್ಲ. ಈ ಹಾಳೆಗಳನ್ನು ಮಾತ್ರ ಯಾರಿಗೂ ಒಪ್ಪಿಸಬೇಡಿರಿ. ದೇವರ ಕೋಣೆಯ ತಗಡಿನ ಪೆಟ್ಟಿಗೆಯಲ್ಲಿ, ಗೆದ್ದಲು ಹತ್ತದಂತೆ ಬೇವಿನ ಎಲೆ ಹಾಕಿ, ಮೂವರೂ ಸೇರಿ ಜೋಪಾನವಾಗಿ ಇಡಿರಿ.

ನಿಮ್ಮ ಆಯಿ,
ಕಾಶವ್ವ